ಮ್ಯಾಂಚೆಸ್ಟರ್ ಎಂಜಿನ್ನಿಗೆ ಅಮಾವಾಸ್ಯೆ ಪೂಜೆ

ಅಂದು ಬೆಳಗ್ಗೆ ಸ್ನಾನಕ್ಕೆ ಹೊರಟ ಕಲ್ಲಿನಾಥರು ತಮ್ಮ ಕೋಣೆಗೆ ಬೀಗ ಹಾಕುವುದನ್ನು ಮರೆತರು. ಅವರ ಬದುಕಿನ ಉಳಿದ ತಪ್ಪುಗಳೆಲ್ಲ ಕೂದಲೆಳೆಯಷ್ಟು ತೆಳುವಾಗಿದ್ದವು. ಇದೊಂದು ಮಾತ್ರ ಬಾಗಿಲಿನಷ್ಟು ಅಗಲವಾಗಿತ್ತು.

ಭೂಮಾಪನ ಇಲಾಖೆಯಲ್ಲಿ ಸರ್ವೆಯರಾಗಿದ್ದು, ನಿವೃತ್ತಿಯ ಬಳಿಕ ಅತನೂರಿಗೆ ಬಂದು ನೆಲಸಿದ ಈ ಮಹನೀಯರಿಗೆ ಒಂದು ಹುಚ್ಚಿತ್ತು. ಉಗಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓಡಿದ ರೈಲು ಎಂಜಿನುಗಳನ್ನೂ ಡಬ್ಬಿಗಳನ್ನೂ ಹಿತ್ತಾಳೆಯ ತಗಡಿನಲ್ಲಿ, ಎಪ್ಪತ್ತಾರರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ, ಇತಿಹಾಸಕ್ಕೆ ಎಳ್ಳಷ್ಟೂ ಚ್ಯುತಿ ಬಾರದಂತೆ ಕಟ್ಟುವ ಹುಚ್ಚು. ಅತನೂರಿಗೆ ರೈಲಿಲ್ಲ. ಇಂಗ್ಲೆಂಡನ್ನು ಅವರು ಕಂಡವರಲ್ಲ. ಆದರೆ ವಾಡಿಯ ಎಂಜಿನ್ ಷೆಡ್ಡಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ತಂದೆಯ ಹೆಗಲ ಮೇಲೆ ಕುಳಿತು ನೋಡಿದ ಉಗಿ ಬಾಲ್ಯದಲ್ಲಿ ಕಣ್ಣಿಗೆ ಹೊಕ್ಕದ್ದು, ಮೊಮ್ಮಕ್ಕಳಾದರೂ ಹೊರಗೆ ಬಂದಿರಲಿಲ್ಲ.

"ಮಂದಿ ಹೊಲ ಅಳೀವಾಗ ಒಂದು ಮೊಳ ಹೆಚ್ಚುಕಮ್ಮಿ ಆದ್ರ 'ನಡೀತದ ಬಿಡ್ರಿ' ಅಂದವ ನಾ," ಎಂದು ಅವರು ತಮ್ಮನ್ನು ತಾವೇ ನಗೆಯಾಡಿಕೊಳ್ಳುತ್ತಿದ್ದರು. "ಈಗ ಎಂಜಿನ್ನಿನ ಮೆಟ್ಟಲ ಒಂದು ಕೂದಲಷ್ಟು ಸೊಟ್ಟಾದ್ರ ನಿದ್ದಿ ಹತ್ತಂಗಿಲ್ಲ. ಆ ಹೊಲದವರ ಶಾಪನೇ ಇದು."

ಇಂಗ್ಲೆಂಡಿನ ಒಂದು ಮಾದರಿ ರೈಲು ಸಂಘದವರು ವರ್ಷಕ್ಕೊಮ್ಮೆ ಪರೀಕ್ಷೆ ನಡೆಸಿ, ಇತಿಹಾಸಕ್ಕೆ ನಿಷ್ಠವಾದ ಮಾದರಿಗೆ ಮನ್ನಣೆ ಕೊಡುತ್ತಿದ್ದರು. ಕಲ್ಲಿನಾಥರು ಮೂರು ಸಲ ಕುಳಿತು ಮೂರು ಸಲವೂ ನಪಾಸಾಗಿದ್ದರು. ಮೊದಲನೆಯ ವರ್ಷ ಎಂಜಿನ್ನಿನ ಹಸಿರು ಬಣ್ಣ ಎಂಜಿನ್ನಿಗಿಂತ ಕಿರಿಯದೆಂದು ತೀರ್ಪಾಯಿತು. ಎರಡನೆಯ ವರ್ಷ ಕಟ್ಟಿದ ಡಬ್ಬಿ, ಎಂಜಿನ್ನು ಗುಜರಿಗೆ ಹೋದ ಮೇಲೆ ಹುಟ್ಟಿದ್ದಾಗಿತ್ತು. ಮೂರನೆಯ ವರ್ಷ ಮುಂಭಾಗದ ದೀಪ ಸ್ಥಾನ ತಪ್ಪಿತ್ತು: ದೀಪವನ್ನು ನಂಬಿದರೆ ಅದು ಮೀನು ಸಾಗಿಸುವ ಗಾಡಿ, ಡಬ್ಬಿಯನ್ನು ನಂಬಿದರೆ ಪ್ರಯಾಣಿಕರ ಗಾಡಿ. ನಾಲ್ಕನೆಯ ಸಲ ತಪ್ಪಿದವರಿಗೆ ಸಂಘದಲ್ಲಿ ಜಾಗವಿಲ್ಲ ಎಂಬುದು ನಿಯಮ. ಆ ನಾಲ್ಕನೆಯ ಸಲ ಇಂದೇ ಬಂದಿತ್ತು. ಸಂಜೆ ನಾಲ್ಕಕ್ಕೆ ಪರೀಕ್ಷಕ ಪಿಂಡರ್ ಸಾಹೇಬರು ಮೊಬೈಲಿನ ವಿಡಿಯೋದಲ್ಲಿ ಪ್ರತ್ಯಕ್ಷರಾಗಿ ಮಾದರಿಯನ್ನು ನೋಡುವವರಿದ್ದರು.

ಸ್ನಾನ ಮುಗಿಸಿ ಬಂದ ಕಲ್ಲಿನಾಥರು ನೋಡಿದರೆ ಮೇಜು ಬರಿದಾಗಿತ್ತು. ಮ್ಯಾಂಚೆಸ್ಟರಿನ ಕಾರ್ಖಾನೆಯ ನಕ್ಷೆಯಂತೆ ಕಟ್ಟಿದ ಗೇಣುದ್ದದ ಹಸಿರು ಎಂಜಿನ್ನೂ ಇಲ್ಲ, ಅದರ ಹಿಂದಿನ ಮೂರನೆಯ ದರ್ಜೆಯ ಡಬ್ಬಿಯೂ ಇಲ್ಲ, ಹೆಂಡತಿ ಸುಭದ್ರಾಬಾಯಿಯೂ ಇಲ್ಲ.

"ಗೌರಾಬಾಯಿ! ನಮ್ಮ ಮನ್ಯಾಕಿ ಎಲ್ಲಿಗಿ ಹೋಗ್ಯಾಳ?"

ಪಕ್ಕದ ಮನೆಯ ಗೌರಾಬಾಯಿ ಗೋಡೆಯ ಮೇಲೆ ಗದ್ದವಿಟ್ಟು ಹೇಳಿದರು. "ಘತ್ತರಗಿ ಭಾಗ್ಯವಂತಿ ಗುಡಿಗಿ ಹೋಗ್ಯಾರ್ರಿ ಅಣ್ಣಾರ, ಮಸೂದನ ಆಟೋದಾಗ. ಇವತ್ತ ಅಮಾಸಿ ಅಲ್ಲೇನು?"

"ಮತ್ತ ನನ್ನ ಎಂಜಿನ್ನು?"

"ಅದರದೇ ಪೂಜಿ! ನಾನೇ ಹೇಳ್ದೆ. ಮೂರು ವರ್ಷ ಮೂರು ಗಾಡಿ ಮಾಡಿದ್ರಿ, ಒಂದಕ್ಕರೆ ಭಾಗ್ಯವಂತಿ ಮುಂದ ಕಾಯಿ ಒಡಿಸಿರೇನು? ನಮ್ಮ ತಮ್ಮ ಮೇವು ಕತ್ತರಿಸೋ ಮಷೀನ ತಂದ್ರೂ ಮೊದಲ ಅಲ್ಲಿಗಿ ಒಯ್ದಾನ. ಹೊಸ ಗಾಡಿಗಿ ಪೂಜಿ ಮಾಡಸ್ದೆ ಪಾಸಾಗು ಅಂದ್ರ ಹ್ಯಾಂಗ ಆಗ್ತದ್ರಿ?"

ಕಲ್ಲಿನಾಥರು ಒಂದು ಕಿವಿಯಲ್ಲಿ ಸೋಪಿನ ನೊರೆಯಿರುವಂತೆಯೇ ಅಂಗಿ ಸಿಕ್ಕಿಸಿಕೊಂಡು ಓಡಿದರು. ಯಾತ್ರಿಕರ ಜೀಪೊಂದರ ಹಿಂಬದಿಯಲ್ಲಿ ಒಂದೇ ಕಾಲಿಗೆ ಜಾಗ ಸಿಕ್ಕಿತು. ಎರಡನೆಯ ಕಾಲನ್ನು ಗಾಳಿಯಲ್ಲಿಟ್ಟುಕೊಂಡು, ಕೆರೆಯ ಕೊಕ್ಕರೆಯಂತೆ ಧ್ಯಾನಿಸುತ್ತ ಅವರು ಘತ್ತರಗಿ ಮುಟ್ಟಿದರು.

ಗುಡಿಯ ಮುಂದಿನ ಬಯಲಿನಲ್ಲಿ ಹೊಸ ಗಾಡಿಗಳು ಪೂಜೆಗೆ ಸಾಲುಗಟ್ಟಿದ್ದವು. ಎರಡು ಟ್ರ್ಯಾಕ್ಟರ್, ಒಂದು ಜೆಸಿಬಿ, ನಾಲ್ಕಾರು ಮೋಟಾರ್ ಸೈಕಲ್ಲು. ಇವುಗಳ ಮುಂದೆ, ಚಿಕ್ಕದೆಂದು ಎಲ್ಲರೂ ದಾರಿ ಬಿಟ್ಟಿದ್ದರಿಂದ, ಅಗಲ ತಟ್ಟೆಯಂಥ ಸ್ಟೀಲಿನ ಪರಾತದಲ್ಲಿ, ಎಮ್ಮೆಗಳ ನಡುವೆ ಸಿಕ್ಕ ಬೆಕ್ಕಿನ ಮರಿಯಂತೆ, ಮ್ಯಾಂಚೆಸ್ಟರಿನ ಎಂಜಿನ್ನು ನಿಂತಿತ್ತು. ಪೂಜಾರಿ ಕೇಳುತ್ತಿದ್ದ. "ಗಾಡಿ ಯಾರ ಹೆಸರಿಲೆ ಅದರಿ ತಾಯಿ? ಡೀಸೆಲ್ಲೋ ಪೆಟ್ರೋಲೋ?"

"ಕಲ್ಲಿದ್ದಲಿಂದರಿ," ಎಂದರು ಸುಭದ್ರಾಬಾಯಿ ಗಂಭೀರವಾಗಿ.

"ನಿಲ್ರಿ! ಕೈ ಹಚ್ಚಬ್ಯಾಡ್ರಿ!" ಎಂದು ಕೂಗುತ್ತ ಕಲ್ಲಿನಾಥರು ಮುಂದೆ ನುಗ್ಗಿದರು. ಟ್ರ್ಯಾಕ್ಟರಿನ ಮಾಲಕ ಅವರ ತೋಳು ಹಿಡಿದು ನಿಲ್ಲಿಸಿದ. "ಸಾಲಿಗಿ ಬರ್ರಿ ಹಿರಿಯರ. ನಾವು ನಸಿಕಿನಾಗ ಬಂದು ನಿಂತೇವಿ. ವಯಸ್ಸಾದವ್ರೇ ಹಿಂಗ ಮಾಡಿದ್ರ ಹ್ಯಾಂಗ?"

"ನನ್ನ ಗಾಡಿ ಮುಂದದ!"

"ಎಲ್ಲಾರೂ ಹಂಗೇ ಅಂತಾರ. ನಡೀರಿ ಹಿಂದಕ್ಕ."

ಜೆಸಿಬಿಯ ಹಿಂದೆ ದೂಡಲ್ಪಟ್ಟ ಕಲ್ಲಿನಾಥರು ಅದರ ಹಲ್ಲುಗಳ ಸಂದಿಯಿಂದ ಎಲ್ಲವನ್ನೂ ನೋಡುವಂತಾಯಿತು. ಸುಭದ್ರಾಬಾಯಿ ಕೈಗೆ ಬಂದಂತೆ ಪೂಜೆ ಮಾಡುವ ಹೆಂಗಸಲ್ಲ. ಎಂಜಿನ್ನಿನ ದುಂಡು ಮೂತಿಯ ಮೇಲೆ ಬೆರಳು ಹಿಡಿಸದೆ ಇದ್ದುದರಿಂದ ಬೆಂಕಿಕಡ್ಡಿಯ ತುದಿಯಿಂದ ವಿಭೂತಿಯ ಮೂರು ಗೆರೆ ಎಳೆದರು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸಾಸಿವೆಯಷ್ಟು ಇಟ್ಟರು. ಚೆಂಡು ಹೂವಿನ ಎಸಳುಗಳನ್ನು ಬಿಡಿಸಿ ಸೂಜಿಯಿಂದ ಪೋಣಿಸಿ ತಂದ ಮಾಲೆ, ಇಂಗ್ಲಿಷ್ ಕಂಪನಿಯ ಹೆಸರನ್ನು ಪೂರ್ತಿಯಾಗಿ ಮುಚ್ಚಿತು. ಕಲ್ಲಿದ್ದಲಿನ ಜಾಗಕ್ಕೆ ಪುಡಿ ಮಾಡಿದ ಪೇಡೆಯ ನೈವೇದ್ಯವಾಯಿತು. ಕೊನೆಗೆ ಮುಂದಿನ ಕೊಕ್ಕೆಗೆ ಕರಿದಾರದಿಂದ ನಾಲ್ಕು ಹಸಿಮೆಣಸಿನಕಾಯಿಯನ್ನೂ ಒಂದು ನಿಂಬೆಹಣ್ಣನ್ನೂ ತೂಗುಬಿಟ್ಟರು.

ಕಲ್ಲಿನಾಥರು ಬಿಡಿಸಿಕೊಂಡು ಬರುವಷ್ಟರಲ್ಲಿ ಮಂಗಳಾರತಿಯೂ ಮುಗಿದಿತ್ತು.

"ಸುಭದ್ರಾ, ಏನ್ ಮಾಡ್ದಿ ಇದು?"

"ನಿಮ್ಮ ಸಲುವಾಗೇ ಮಾಡೇನಿ. ಎಂಜಿನ್ನಿಗಿ ಎಷ್ಟು ಮೊಳಿ ಅವ ಅಂಬೋದು ಗೊತ್ತದ ನಿಮಗ. ದೃಷ್ಟಿ ತಾಗ್ತದ ಅಂಬೋದು ಗೊತ್ತಿಲ್ಲ."

"ಲಿಂಬಿನಾದ್ರೂ ಸಣ್ಣದು ಸಿಗಲಿಲ್ಲೇನು?"

"ಬುಟ್ಟಿ ಎಲ್ಲಾ ಹುಡುಕಿ ದೊಡ್ಡದೇ ಆರಿಸೇನಿ. ಲಿಂಬಿ ಸಣ್ಣದಾದ್ರ ದೃಷ್ಟಿ ಕೇಳ್ತದೇನು?"

ಮರಳುವಾಗ ಆಟೋದಲ್ಲಿ ಕಲ್ಲಿನಾಥರು ಒದ್ದೆ ಕರವಸ್ತ್ರದಿಂದ ಕುಂಕುಮ ಒರೆಸಲು ಹೊರಟರು. ಎಣ್ಣೆಗೆಂಪು ಹರಡಿ, ವರ್ಷವಿಡೀ ಹುಡುಕಿ ಹದಗೊಳಿಸಿದ ಹಸಿರು, ಉಪ್ಪಿನಕಾಯಿಯ ಬಣ್ಣಕ್ಕೆ ತಿರುಗತೊಡಗಿತು. ಅದನ್ನು ಬಿಟ್ಟು ನಿಂಬೆಹಣ್ಣಿನ ದಾರಕ್ಕೆ ಕೈಹಾಕಿದರೆ ಸುಭದ್ರಾಬಾಯಿ ಕೈಮೇಲೆ ಒಂದು ಕೊಟ್ಟರು.

"ಮುಂದಿನ ಅಮಾಸಿತನ ಅದನ್ನ ಮುಟ್ಟಂಗಿಲ್ಲ!"

"ಭಾಭಿ ಹೇಳೋದು ಬರೋಬರಿ ಅದ ಸಾಹೇಬ್ರ," ಎಂದು ಮಸೂದ ಮುಂದಿನಿಂದ ಕತ್ತು ತಿರುಗಿಸಿದ. "ನನ್ನ ಆಟೋದ್ದು ಒಮ್ಮಿ ನಡಬರಕ ಬಿಚ್ಚಿದ್ದೆ. ಅದೇ ದಿನ ಎಮ್ಮಿ ಬಂದು ಹಾಯ್ತು. ಎಮ್ಮಿಗಿ ಏನೂ ಆಗ್ಲಿಲ್ಲ. ಆಟೋ ಎಂಟು ದಿನ ಗ್ಯಾರೇಜಿನಾಗಿತ್ತು."

"ನೀ ರಸ್ತಾ ನೋಡಪಾ ಮೊದಲ."

ಅಮಾವಾಸ್ಯೆಯ ಜನಜಂಗುಳಿ ದಾಟಿ ಬರುವಷ್ಟರಲ್ಲಿ ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು. ಪೇಡೆಯ ವಾಸನೆಗೆ ಎಲ್ಲಿಂದಲೋ ಬಂದ ಇರುವೆಗಳು ಟಿಕೇಟಿಲ್ಲದೆ ಮೂರನೆಯ ದರ್ಜೆಯ ಡಬ್ಬಿಯನ್ನು ಹತ್ತಿ ಕುಳಿತಿದ್ದವು. ತಮ್ಮ ನಾಲ್ಕನೆಯ ಸೋಲನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ ಕಲ್ಲಿನಾಥರ ಮೂಗಿಗೆ ಆಗ ಎಣ್ಣೆ, ಕುಂಕುಮ, ಹಿತ್ತಾಳೆ ಬೆರೆತ ಒಂದು ವಾಸನೆ ಬಡಿಯಿತು. ವಾಡಿಯ ಷೆಡ್ಡು! ದಸರೆಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ತಂದೆ ಇಂಗ್ಲೆಂಡಿನಿಂದ ಬಂದ ಎಂಜಿನುಗಳಿಗೆ ಹೀಗೆಯೇ ವಿಭೂತಿ ಬಳಿದು ಹೂಮಾಲೆ ಹಾಕುತ್ತಿದ್ದರಲ್ಲವೆ? ಕಂಪನಿಯ ಹೆಸರಂತೂ ಹೂವಿನಡಿಯಲ್ಲಿ ಅಡಗಿದೆ. ಇಂಥದೇ ಎಂಜಿನು ಹಡಗು ಹತ್ತಿ ನಮ್ಮ ಕಡೆಗೆ ಬಂದಿತ್ತು ಎಂದರೆ ಅಲ್ಲವೆನ್ನುವವರು ಯಾರು? ಮುಕ್ಕಾಲು ಪಾಲು ಸತ್ಯ, ಕಾಲು ಪಾಲು ಧೈರ್ಯ. ಇಲಾಖೆಯಲ್ಲಿ ಎಷ್ಟೋ ನಕ್ಷೆಗಳು ಇದಕ್ಕಿಂತ ಕಡಿಮೆ ಸತ್ಯದಲ್ಲಿ ಮಂಜೂರಾಗಿದ್ದವು.

ಮನೆಯ ಮಾಳಿಗೆಯ ಮೇಲೆ ಪರಾತವನ್ನಿಟ್ಟು, ಮೂತಿಯ ಗೆರೆ ಕಂಡು ಆಚೆ ಮಗ್ಗುಲಿಗೆ ಜಾರಿದ ನಿಂಬೆಹಣ್ಣು ಕಾಣದ ಕೋನವನ್ನು ಸರ್ವೆಯರಿನ ಕಣ್ಣಿನಿಂದ ಅಳೆದು, ಕಲ್ಲಿನಾಥರು ಮೊಬೈಲು ಹಿಡಿದರು. ಹಿಂದೆ ಸುಭದ್ರಾಬಾಯಿ, ಗೌರಾಬಾಯಿ, ಮಸೂದ ಮದುವೆಯ ಫೋಟೋಕ್ಕೆ ನಿಂತವರಂತೆ ನಿಂತರು. ತೆರೆಯ ಮೇಲೆ ಬಿಸ್ಕತ್ತಿನಂತೆ ಒಣಗಿದ ಪಿಂಡರ್ ಸಾಹೇಬರ ಮುಖ ಮೂಡಿತು. ಕಲ್ಲಿನಾಥರು ಪಂಚನಾಮೆ ಓದುವ ಧಾಟಿಯ ಇಂಗ್ಲಿಷಿನಲ್ಲಿ ವಾಡಿಯ ಷೆಡ್ಡನ್ನೂ ಹಬ್ಬದ ದಿನವನ್ನೂ ತಂದೆಯನ್ನೂ ವರ್ಣಿಸಿದರು.

ಪಿಂಡರ್ ಸಾಹೇಬರು ಕನ್ನಡಕ ಒರೆಸಿಕೊಂಡರು. ಅವರ ಇಂಗ್ಲಿಷಿನ ಸಾರಾಂಶ ಇಷ್ಟು: "ನನ್ನ ಅಜ್ಜ ಹಿಂದುಸ್ಥಾನದ ಒಂದು ಷೆಡ್ಡಿನಲ್ಲಿ ಫೋರ್‌ಮನ್ ಆಗಿದ್ದರು. ಹಬ್ಬದ ದಿನದ ಅವರ ಒಂದು ಚಿತ್ರ ನಮ್ಮ ಮನೆಯಲ್ಲಿದೆ. ಇದೇ ಮೂರು ಬಿಳಿ ಗೆರೆ! ಗೆರೆಗಳ ದಪ್ಪವೂ ಅಳತೆಗೆ ತಪ್ಪಿಲ್ಲ. ಎಣ್ಣೆ ಬೆರೆತ ಈ ಕೆಂಪನ್ನು ಹೇಗೆ ಸಾಧಿಸಿದಿರಿ?"

"ದೀರ್ಘ ಸಂಶೋಧನೆಯಿಂದ," ಎಂದರು ಕಲ್ಲಿನಾಥರು, ಹೆಂಡತಿಯ ಕಡೆ ನೋಡದೆ.

"ಕಲ್ಲಿದ್ದಲು ಕಂದಾಗಿದೆ. ಅಲ್ಲಿಯ ಕೀಳು ದರ್ಜೆಯದು. ಬಹಳ ಸರಿ. ಆದರೆ ಡಬ್ಬಿಯೊಳಗೆ ಏನೋ ಚಲಿಸುವಂತಿದೆಯಲ್ಲ?"

"ಮೂರನೆಯ ದರ್ಜೆ. ಹಬ್ಬದ ದಟ್ಟಣೆ."

"ಅದ್ಭುತ! ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿದ ಅತ್ಯಂತ ನಿಷ್ಠ ಮಾದರಿ ಇದು."

ಕಲ್ಲಿನಾಥರ ಕಣ್ಣು ತುಂಬಿ ಬಂತು. ಹಿಂದಿನಿಂದ ಮಸೂದ ಪಿಸುಗುಟ್ಟಿದ. "ಸಾಹೇಬ್ರ, ಲಿಂಬಿ ತೋರಸ್ರಿ. ಅದೇ ಮೇನ್ ಅದ."

"ಸುಮ್ನಿರೋ ಮಾರಾಯಾ!"

"ಯಾಕ್ರಿ, ಮುಚ್ಚಿಡೋದೇನದ?" ಎಂದರು ಸುಭದ್ರಾಬಾಯಿ. "ಅಂವ ಅಷ್ಟು ಕಣ್ಣ ಹಿಗ್ಗಿಸಿ ನೋಡಾಕತ್ತಾನ, ಲಿಂಬಿ ಎದುರಿಗಿರಬೇಕು." ಹೇಳಿದ್ದೇ ತಡ, ಪರಾತವನ್ನು ಹಿಡಿದು ಅರ್ಧ ಸುತ್ತು ತಿರುಗಿಸಿಬಿಟ್ಟರು.

ಪಿಂಡರ್ ಸಾಹೇಬರ ಮೂಗು ತೆರೆಗೆ ತಾಗುವಷ್ಟು ಹತ್ತಿರ ಬಂತು.

"ಆ ಹಳದಿಯ ಗೋಳ ಯಾವುದು?"

"ನಿಂಬೆಹಣ್ಣು," ಎಂದರು ಕಲ್ಲಿನಾಥರು. ಧ್ವನಿ ಪಾತಾಳದಿಂದ ಬಂದಂತಿತ್ತು.

"ದಯವಿಟ್ಟು ಪಕ್ಕದಲ್ಲಿ ಅಳತೆಪಟ್ಟಿ ಇಡಿ."

ವೃತ್ತಿಧರ್ಮ ಬಿಡಲಿಲ್ಲ. ಇಟ್ಟರು. ನಾಲ್ಕು ಸೆಂಟಿಮೀಟರು. ಪಿಂಡರ್ ಸಾಹೇಬರು ಕಾಗದದ ಮೇಲೆ ಎಪ್ಪತ್ತಾರರಿಂದ ಗುಣಿಸಿದರು; ಕಲ್ಲಿನಾಥರು ಅದಕ್ಕೂ ಮೊದಲೇ ಗುಣಿಸಿ ಕಣ್ಣು ಮುಚ್ಚಿದ್ದರು.

"ಹತ್ತು ಅಡಿ," ಎಂದರು ಸಾಹೇಬರು ದುಃಖದಿಂದ. "ಮಹಾಶಯರೇ, ಬ್ರಿಟಿಷ್ ಸಾಮ್ರಾಜ್ಯದ ಯಾವ ಮೂಲೆಯಲ್ಲಿಯೂ ಹತ್ತು ಅಡಿಯ ನಿಂಬೆಹಣ್ಣು ಬೆಳೆದ ದಾಖಲೆಯಿಲ್ಲ. ಮೆಣಸಿನಕಾಯಿಯ ವಿಷಯವನ್ನು ನಾನು ಎತ್ತುವುದೇ ಇಲ್ಲ. ನಿಯಮ ನಿಮಗೆ ತಿಳಿದಿದೆ. ಸಂಘದ ಪರವಾಗಿ ವಿದಾಯ."

ತೆರೆ ಕಪ್ಪಾಯಿತು.

"ಏನಂದ್ರಿ ಅವರು? ಪಾಸೇನು?" ಎಂದು ಗೌರಾಬಾಯಿ ಕೇಳಿದರು.

"ಲಿಂಬಿಹಣ್ಣು ಹತ್ತು ಫೂಟ್ ಆಯ್ತಂತ. ಸಂಘದಿಂದನೇ ಹೊರಗ ಹಾಕಿದ್ರು." ಕಲ್ಲಿನಾಥರು ಪರಾತದ ಪಕ್ಕದಲ್ಲಿ ಕುಸಿದು ಕುಳಿತು ನಕ್ಕರು; ನಗದೆ ಬೇರೆ ದಾರಿಯಿರಲಿಲ್ಲ. "ಸರ್ವಿಸ್ ಎಲ್ಲಾ ತಾಲೂಕಿನ ಹೊಲ ಅಳದೇನ್ರಿ ನಾ. ಒಂದು ಲಿಂಬಿ ಅಳೀಲಿಕ್ಕ ಆಗ್ಲಿಲ್ಲ."

ಸುಭದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಾಗಿ, ಇರುವೆ ಹತ್ತಿದ ಡಬ್ಬಿಯನ್ನು ಮೆಲ್ಲಗೆ ಊದಿದರು. ಆಮೇಲೆ ನಿಂಬೆಹಣ್ಣನ್ನು ಬಹಳ ಹೊತ್ತು ನಿರುಕಿಸಿ ತಮ್ಮ ತೀರ್ಪು ಕೊಟ್ಟರು.

"ನನಗ ಮೊದಲೇ ಅನಿಸಿತ್ತು. ಆ ಗೋರಾ ಸಾಹೇಬ ಹೊಗಳಿ ಹೊಗಳಿ ದೃಷ್ಟಿ ಹಚ್ಚಿ ಹೋದ. ಅಂಥಾ ಕಣ್ಣಿಗಿ ಇಷ್ಟು ಲಿಂಬಿ ಎಲ್ಲಿ ಸಾಲ್ತದ? ಸಂಘ ಹೋದ್ರ ಹೋಗ್ಲಿ, ಗಾಡಿ ಮ್ಯಾಲಿನ ದೃಷ್ಟಿ ತಗೀಬೇಕಲ್ಲ. ಮಸೂದ, ಮುಂದಿನ ಅಮಾಸಿಗಿ ಅಫಜಲಪುರ ಸಂತ್ಯಾಗ ಗಜಲಿಂಬಿ ಸಿಗ್ತಾವೇನು ನೋಡು."

"ಫಿಕರ್ ಮಾಡಬ್ಯಾಡ್ರಿ ಭಾಭಿ," ಎಂದ ಮಸೂದ, ಎರಡೂ ಕೈಗಳನ್ನು ಅಗಲಿಸಿ ಗಾತ್ರ ತೋರಿಸುತ್ತ. "ತೆಂಗಿನಕಾಯಿ ಸೈಜಿಂದೇ ತರ್ತೇನಿ."

ಕಲ್ಲಿನಾಥರು ಅವನ ಕೈಗಳ ನಡುವಿನ ಅಂತರವನ್ನು ನೋಡಿದರು; ಬೇಡಬೇಡವೆಂದರೂ ಕೇಳದೆ, ಅವರ ಮನಸ್ಸು ಎಪ್ಪತ್ತಾರರಿಂದ ಗುಣಿಸತೊಡಗಿತು.