ಹೂಂ ಅನ್ನದಿದ್ದರೂ ಓದುವವಳು

ಶಿಸ್ತಿಗೆಂದು ನಾನು ಮಾಡುವ ಏರ್ಪಾಡುಗಳೇ ನನ್ನನ್ನು ನಗೆಪಾಟಲಿಗೆ ಈಡುಮಾಡುತ್ತವೆ. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದಾಗಲೂ ಹೀಗೇ, ನಿವೃತ್ತಳಾಗಿ ಕೊಳ್ಳೇಗಾಲದ ಮನೆಯಲ್ಲಿ ಕುಳಿತ ಮೇಲೂ ಹೀಗೇ. ಈ ವರ್ಷ ನಡೆದದ್ದನ್ನು ಬರೆದಿಡುತ್ತೇನೆ. ನಗುವವರು ನಗಲಿ. ನನಗೆ ಆಗ ನಗು ಬಂದಿರಲಿಲ್ಲ.

ನನ್ನದೊಂದು ಬ್ಲಾಗ್ ಇದೆ. ವಾರ್ಡಿನ ನೆನಪುಗಳು, ಮನೆಮದ್ದು, ಆಗಾಗ ಯಾರಾದರೂ ತೀರಿಕೊಂಡರೆ ನಾಲ್ಕು ಮಾತು. ಅದನ್ನು ತಪ್ಪದೆ ಕೇಳುವವಳು ಯಳಂದೂರಿನಲ್ಲಿರುವ ನನ್ನ ಅಕ್ಕ. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋದವು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ನಾನು ಫೋನಿನಲ್ಲಿ ಓದುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು. ಕೇಳುವವರು ಹೂಂ ಅನ್ನಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು ಎಂಬುದು ನಮ್ಮವ್ವನ ಕಾನೂನು. ಮೈಸೂರಿನ ಕಾನ್ವೆಂಟಿಗೆ ಸೇರಿದ ಮೇಲೆ ಅವ್ವನ ಎಷ್ಟೋ ಕಾನೂನುಗಳನ್ನು ನಾನು ಬಿಟ್ಟೆ. ಇದೊಂದನ್ನು ಬಿಡಲಿಲ್ಲ.

ಹೀಗಿರುವಾಗ ನನ್ನ ಗಂಟಲು ಕಟ್ಟಿತು. ಒಂದು ತಿಂಗಳಾದರೂ ಬಿಡಲಿಲ್ಲ. ಮೈಸೂರಿನ ವೈದ್ಯರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಗಂಟು ಬೆಳೆದಿದೆ, ತೆಗೆಯಬೇಕು ಎಂದರು.

“ತೆಗೆದ ಮೇಲೆ ಧ್ವನಿ?”

“ಬಂದರೆ ಬಂತು, ಮೇಡಮ್.”

ನನ್ನ ವಾರ್ಡಿನಲ್ಲಿ ಯಾವ ವೈದ್ಯರೂ ರೋಗಿಗೆ ಇಂಥ ಉತ್ತರ ಕೊಡುವಂತಿರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾಯಿತು. ಅಷ್ಟರೊಳಗೆ ಅಕ್ಕನಿಗೆ ಇನ್ನೊಂದು ಧ್ವನಿಯನ್ನು ಹುಡುಕಬೇಕಿತ್ತು. ಬರೆದದ್ದನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಬಂದಿದೆ, ಬ್ಲಾಗಿಗೆ ಸೇರಿಸಬಹುದು ಎಂದು ಯಾರೋ ಹೇಳಿದರು.

೧. ಧ್ವನಿ ಆರಿಸಿದ್ದು

ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯೊಂದಿದೆ. ಅಂಗಡಿಯ ಹೆಂಗಸು ಚುರುಕು. ನಾನು ಸರದಿಯಲ್ಲಿ ನಿಂತೇ ಒಳಗೆ ಹೋದೆ. ಅವಳು ಕಂಪ್ಯೂಟರಿನಲ್ಲಿ ಒಂದೊಂದೇ ಧ್ವನಿಯನ್ನು ಕೇಳಿಸತೊಡಗಿದಳು. ಪಹಣಿಗಾಗಿ ಕಾಯುತ್ತಿದ್ದವರೆಲ್ಲ ಪರೀಕ್ಷಕರಾದರು.

“ಇದು ಬ್ಯಾಡಿ, ನೆಗಡಿ ಆದಂಗದೆ.”

“ಈವಮ್ಮ ಬೋ ಆತುರದೋಳು.”

ನಾಲ್ಕನೆಯ ಧ್ವನಿ ಸ್ಪಷ್ಟವಾಗಿತ್ತು. ಉಚ್ಚಾರಣೆಯೂ ಶುದ್ಧವಾಗಿತ್ತು. ಇದೇ ಇರಲಿ ಎಂದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಯಜಮಾನರೊಬ್ಬರು ಟವಲು ಕೊಡವಿಕೊಂಡು ಮುಂದೆ ಬಂದರು.

“ಬ್ಯಾಡ ಕಣ್ರವ್ವ. ಇವಳ ನಾ ಬಲ್ಲೆ. ನಮ್ಮ ಅಳೀಮಯ್ಯಂಗೆ ಯಾವಾಗ ಫೋನ್ ಮಾಡುದ್ರೂ ಇವಳೇ ಎತ್ತಾದು, ಸ್ವಿಚ್ ಆಫ್ ಅಂತಾಳೆ. ಮಗಳ ದನಿ ಕೇಳಿ ವರ್ಸಾಯ್ತು. ಇವಳ ಕೂಡೆ ನಾನು ಮಾತ್ ಬುಟ್ಟಿವ್ನಿ.”

ನಾನು ಆ ಧ್ವನಿಯನ್ನೇ ಆರಿಸಿದೆ. ಯಜಮಾನರು ಪಹಣಿ ಪಡೆದು, ನನ್ನ ಜೊತೆಗೂ ಮಾತು ಬಿಟ್ಟು ಹೋದರು.

೨. ಹನೂರಿನ ತಿಥಿ

ನನ್ನ ಕೈಕೆಳಗೆ ಬಹಳ ವರ್ಷ ದುಡಿದ ಆಯಾ ಹನೂರಿನಲ್ಲಿ ತೀರಿಕೊಂಡಳು. ನಾನು ಕೊನೆಗೆ ಬ್ಲಾಗಿನಲ್ಲಿ ಅವಳ ಬಗ್ಗೆ ಬರೆದೆ. ‘ಕೊನೆಗೆ’ ಎನ್ನಲು ಕಾರಣವಿದೆ: ಬದುಕಿದ್ದಾಗ ಒಂದು ಒಳ್ಳೆಯ ಮಾತನ್ನೂ ನಾನು ಅವಳಿಗೆ ಹೇಳಿರಲಿಲ್ಲ. ತಿಥಿಯ ದಿನ ಅವಳ ಮಗ, “ಮೇಟ್ರನ್ ಮೇಡಮ್ಮೋರು ಎರಡು ಮಾತಾಡ್ಬೇಕು” ಎಂದು ಮೈಕು ತಂದಿಟ್ಟ. ನನ್ನ ಗಂಟಲಿನಿಂದ ಗಾಳಿಯಷ್ಟೇ ಬಂತು. ಆಗ ಫೋನನ್ನು ಮೈಕಿನ ಮುಂದೆ ಹಿಡಿದು ಗುಂಡಿ ಒತ್ತಿದೆ.

ಯಂತ್ರ ಚೆನ್ನಾಗಿ ಓದಿತು. ಆಯಾ ಹೊತ್ತ ಬೆಡ್‌ಪ್ಯಾನುಗಳು, ಅವಳು ಒರೆಸಿದ ನೆಲ, ತಾಯಿ ಸತ್ತ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಳಗಿನವರೆಗೆ ಕೂತಿದ್ದು, ಎಲ್ಲವನ್ನೂ. ಹೆಂಗಸರು ಅಳತೊಡಗಿದರು. ಬೆಟ್ಟದ ದೇವರಿಗೆ ಹರಕೆ ಹೊತ್ತು ನಡೆದು ಹೊರಟಿದ್ದವರು ರಸ್ತೆಯಲ್ಲೇ ನಿಂತರು. ‘ಅವಳಿಗೆ ನಾನು ಒಮ್ಮೆಯೂ ವಂದನೆ ಹೇಳಲಿಲ್ಲ’ ಎಂಬ ಕೊನೆಯ ಸಾಲು ಬಂತು. ನನ್ನ ಕಣ್ಣೂ ತುಂಬಿತು. ಕನ್ನಡಕ ಒರೆಸಿಕೊಳ್ಳಲು ಫೋನನ್ನು ಅಲ್ಲೇ ಇಟ್ಟೆ.

ಪುಟದಲ್ಲಿರುವುದನ್ನೆಲ್ಲ ಅದು ಓದುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅದೇ ದುಃಖದ ಗಾಂಭೀರ್ಯದಲ್ಲಿ ಮೈಕು ಹೇಳಿತು: “ಇದನ್ನೂ ಓದಿ. ಮೂಲವ್ಯಾಧಿಗೆ ಮನೆಮದ್ದು. ಇಷ್ಟವಾದರೆ ಹಂಚಿಕೊಳ್ಳಿ.”

ಅಳು ನಿಂತಿತು. ನಾನು ಭೂಮಿಗಿಳಿದು ಹೋದೆ. ಮಗ ಹತ್ತಿರ ಬಂದು ಮೆಲ್ಲಗೆ ಹೇಳಿದ:

“ಇರ್ಲಿ ಬುಡಿ ಮೇಡಮ್. ನಮ್ಮವ್ವಂಗೂ ಅದಿತ್ತು.”

೩. ಅಕ್ಕನ ಮುಷ್ಕರ

ಆಪರೇಷನ್ನಿಗೆ ಒಂದು ವಾರ ಇರುವಾಗ ಯಳಂದೂರಿಗೆ ಹೋಗಿ, ಅಕ್ಕನ ಸೊಸೆಗೆ ಎಲ್ಲವನ್ನೂ ಕಲಿಸಿದೆ. ಯಾವ ಗುಂಡಿ, ಯಾವ ಹೊತ್ತು, ಎಷ್ಟು ದೂರ ಇಡಬೇಕು ಎಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮಾರನೆಯ ಸಂಜೆಯೇ ಅಕ್ಕನ ಫೋನು ಬಂತು.

“ಅವಳ್ನ ಕಳುಸ್ಬುಡು ಕಣಮ್ಮಿ.”

“ಅದು ಯಂತ್ರ, ಅಕ್ಕ. ಹೆಂಗಸಲ್ಲ.” ಅಷ್ಟು ಪಿಸುಗುಟ್ಟುವಷ್ಟರಲ್ಲಿ ನನಗೆ ಕೆಮ್ಮು ಬಂತು.

“ಯಂತ್ರನಾದ್ರೆ ಮರ್ಯಾದೆ ಬ್ಯಾಡ್ವಾ? ನಾನು ಹೂಂ ಅಂತೀನಿ, ಅವಳು ಕಾಯಾಕಿಲ್ಲ. ಕಣ್ ಎಳೀತು, ಒಂಚೂರು ಮಲೀಕಂಡೆ. ಎದ್ರೆ ಇನ್ನೂ ಓದ್ತಾವ್ಳೆ! ನಾ ಮಲಗಿದ್ನಾ, ಸತ್ತಿದ್ನಾ ಅಂತಾನಾದ್ರೂ ಕೇಳ್ಬಾರ್ದಾ?”

ಫೋನಿನಲ್ಲಿ ಅವಳ ಹೂಂ ನಿಂತಾಗಲೆಲ್ಲ ನನ್ನ ಎದೆ ಒಂದು ಕ್ಷಣ ಧಸಕ್ಕೆನ್ನುತ್ತಿತ್ತು. ಅದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

“ಆಮ್ಯಾಕೆ ಬೇಕಂತ್ಲೇ ಹೂಂ ಅನ್ನದೆ ಕುಂತ್ಕಂಡೆ,” ಎಂದಳು ಅಕ್ಕ. “ಅರ್ಧ ಗಂಟೆ. ಕ್ಯಾರೇ ಅನ್ನಲಿಲ್ಲ. ಈ ಭೂಮಿ ಮ್ಯಾಲೆ ನಿನಗಿಂತ ಸೊಕ್ಕಿನೋಳು ಅವ್ಳೆ ಅಂತ ಇವತ್ತೇ ಗೊತ್ತಾದ್ದು.”

೪. ಮುದ್ದೆಯ ವಿಚಾರ

ಗಂಟು ತೆಗೆದರು. ಕೆಟ್ಟದ್ದಲ್ಲ ಎಂದು ವರದಿ ಬಂತು. ಧ್ವನಿ ಮಾತ್ರ ಬರಲಿಲ್ಲ. ತಿಂಗಳ ನಂತರ ವೈದ್ಯರು, “ಮೊದಲಿನ ಗಂಟಲು ಇನ್ನು ಕಷ್ಟ ಮೇಡಮ್. ಪಿಸುಮಾತೂ ಬೇಡ. ಬಾಯಿ ಮುಚ್ಚಿಕೊಂಡು ಮೆಲ್ಲಗೆ ಒಂದು ಹೂಂ ಅನ್ನಬಹುದು, ಅದು ಗಂಟಲಿಗೆ ಒಳ್ಳೆಯ ವ್ಯಾಯಾಮ” ಎಂದರು. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಗಂಟಲು ನನ್ನದು. ಮನೆಗೆ ಬಂದು ಕದ ಹಾಕಿಕೊಂಡು ಕುಳಿತೆ. ಹಲವು ದಿನ ನಾಲ್ಕು ಗಂಟೆ ಸುಮ್ಮನೆ ಬಂದು ಸುಮ್ಮನೆ ಹೋಯಿತು.

ಒಂದು ದಿನ ನಾಲ್ಕಕ್ಕೆ ಸರಿಯಾಗಿ ಅಕ್ಕನ ಫೋನು ಬಂತು.

“ಮಾತಾಡ್ಬ್ಯಾಡ ಕಣಮ್ಮಿ. ನಂಗೆಲ್ಲ ಗೊತ್ತು. ಇವತ್ತಿಂದ ನಾ ಹೇಳ್ತೀನಿ, ನೀ ಹೂಂ ಅನ್ನು.”

ಅವಳು ಹೇಳಿದ್ದು ಯಾವ ಕಥೆ? ನಾನೇ ಬ್ಲಾಗಿನಲ್ಲಿ ಬರೆದದ್ದು. ಚಪ್ಪಲಿ ಹಾಕಿಕೊಂಡು ಹೆರಿಗೆ ಕೋಣೆಗೆ ನುಗ್ಗಿದ ದೊಡ್ಡ ಡಾಕ್ಟರನ್ನು ನಾನು ಬಾಗಿಲಲ್ಲೇ ತಡೆದ ಪ್ರಸಂಗ. ‘ನಾನು ಕಿಂಚಿತ್ತೂ ಅಳುಕಲಿಲ್ಲ’ ಎಂದು ಅದನ್ನು ಮುಗಿಸಿದ್ದೆ.

“ದೊಡ್ ಡಾಕ್ಟ್ರು ಬಂದ್ರು. ಚಪ್ಲಿ ಬುಡಿ ಅಂದೆ ನೀನು. ಬುಟ್ರು.”

“ಹೂಂ.”

“ಅವತ್ತು ಸಾಯಂಕಾಲ ನೀ ಬಸ್ ಅತ್ತಿ ನಮ್ಮನೆಗೆ ಬಂದೆ. ನನ್ ಕೆಲ್ಸ ಓಯ್ತು ಕಣಕ್ಕ ಅಂತ ಒಲೆ ಮುಂದೆ ಕುಂತ್ಕಂಡು ಗೊಳೋ ಅಂತ ಅತ್ತೆ. ಅಳ್ತಾ ಅಳ್ತಾನೇ ಎರಡು ಮುದ್ದೆ ಉಂಡೆ. ಇದ ಅವಳು ಓದ್ನೇ ಇಲ್ಲ ಕಣಮ್ಮಿ. ನುಂಗಾಕ್ಬುಟ್ಲು ಕಳ್ಳಿ!”

ಯಂತ್ರ ಏನನ್ನೂ ನುಂಗಿರಲಿಲ್ಲ. ನುಂಗಿದವಳು ನಾನು. ಸುಳ್ಳು ಎನ್ನೋಣವೆಂದರೆ ಧ್ವನಿಯಿರಲಿಲ್ಲ. ಧ್ವನಿಯಿದ್ದರೂ ಅದು ಸುಳ್ಳಲ್ಲ. ಆದರೆ ಮುದ್ದೆ ಎರಡಲ್ಲ, ಒಂದೂವರೆ. ಇಂಥ ವಿವರಗಳು ತಪ್ಪಾಗುವುದನ್ನು ನಾನು ಸಹಿಸುವವಳಲ್ಲ. ತುಟಿ ಬಿಗಿಹಿಡಿದು ಕುಳಿತೆ.

ಆ ಕಡೆ ಅಕ್ಕನೂ ನಿಲ್ಲಿಸಿದಳು. ಅವ್ವನ ಕಾನೂನು.

“ಅಮ್ಮಿ?” ಅವಳ ದನಿ ಸಣ್ಣಗಾಯಿತು. “ಇದ್ದೀಯಾ?”

ಒಂದೂವರೆ ಮುದ್ದೆಯನ್ನು ನುಂಗಿಕೊಂಡು ಹೇಳಿದೆ: “ಹೂಂ.”

“ಅಂಗ್ ಬಾ ದಾರಿಗೆ,” ಎಂದಳು ಅಕ್ಕ. “ಆಮ್ಯಾಕೆ ನೀ ಮೂರನೇ ಮುದ್ದೆ ಕೇಳ್ದೆ.”