ಟವರಿನ ನೀರುಗಂಟಿ

ನಮ್ಮ ಚಿಕ್ಕಪ್ಪನಿಗೆ ದಿನವೂ ಒಬ್ಬಳು ಹೆಂಗಸು ಫೋನು ಮಾಡುತ್ತಿದ್ದಳು. ಚಾಡಿಯಲ್ಲ, ಚಿಕ್ಕಮ್ಮನ ಎದುರಿಗೇ ಹೇಳಬಲ್ಲೆ!

ದಂಡಿಗನಹಳ್ಳಿ ಕಡೆಗೆ ಮೊಬೈಲು ಬಂದು ಐದಾರು ವರ್ಷವಾಗಿತ್ತು. ಚಿಕ್ಕಪ್ಪ ಬೋರ್‌ವೆಲ್ ಮೋಟಾರಿಗೆ ಸಿಮ್ ಹಾಕುವ ಪೆಟ್ಟಿಗೆಯೊಂದನ್ನು ಕೂರಿಸಿದ. ತ್ರೀಫೇಸ್ ಕರೆಂಟು ಬಂದೊಡನೆ ಪೆಟ್ಟಿಗೆ ಅವನಿಗೆ ಫೋನು ಮಾಡಿ, ಹೆಣ್ಣು ದನಿಯಲ್ಲಿ, "ವಿದ್ಯುತ್ ಬಂದಿದೆ, ಒಂದನ್ನು ಒತ್ತಿ" ಎನ್ನುತ್ತಿತ್ತು. ಒತ್ತಿದರೆ ಮೋಟಾರು ಓಡುತ್ತಿತ್ತು. ಒತ್ತಿ ಸುಮ್ಮನಿರಬೇಕು ತಾನೇ? ಇವನು "ಆಯ್ತು ಕಣವ್ವ, ಉಂಡ್ಯಾ?" ಎಂದು ಕೇಳುತ್ತಿದ್ದ!

"ನನ್ನ ಒಂದಿನಾನಾರ ಉಂಡ್ಯಾ ಅಂತ ಕೇಳಿದ್ದೀರಾ?" ಎಂದಳು ಚಿಕ್ಕಮ್ಮ.

"ನೀನು ಅಡಿಗೆಮನೇಲೇ ಇರ್ತೀಯಲ್ಲೇ. ಅವ್ಳು ಬಿಸಿಲಲ್ಲವಳೆ."

ಆಮೇಲೆ ಅವನೇ ತ್ವಾಟ ತ್ವಾಟ ತಿರುಗಿ ಊರಿನ ನಲವತ್ತೆರಡು ಮೋಟಾರಿಗೂ ಪೆಟ್ಟಿಗೆ ಕೂರಿಸಿದ. ಇದ್ದದ್ದು ಒಂದೇ ಟವರು. ಕರೆಂಟು ಬಂದ ಕ್ಷಣ ನಲವತ್ತೆರಡೂ ಒಟ್ಟಿಗೇ ಫೋನು ಹಚ್ಚುತ್ತಿದ್ದವು. ಯಜಮಾನ ಎತ್ತುವ ತನಕ ಬಿಡುತ್ತಿರಲಿಲ್ಲ. ಅರ್ಧ ಗಂಟೆ ಮನುಷ್ಯರ ಫೋನು ಊರೊಳಗೆ ಬರುವಂತಿರಲಿಲ್ಲ. ಚಿಕ್ಕಪ್ಪನಿಗೆ ಅದೂ ಹೆಮ್ಮೆ! "ನೋಡ್ಲಾ, ನಮ್ಮ ಮೋಟ್ರುಗಳು ಎಷ್ಟು ಬಿಜಿ!"

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಚಿಕ್ಕಮ್ಮನ ಹೊಟ್ಟೆಯಲ್ಲಿ ಗಡ್ಡೆ. ಹಾಸನದ ಆಸ್ಪತ್ರೆಯಲ್ಲಿ ಸಂಜೆಗೆ ಆಪರೇಷನ್ನು, ಜೊತೆಗೆ ನಾನಿದ್ದೆ. ಎಮ್ಮೆ ಬೇರೆ ಕೈಗೆ ಹಾಲು ಕೊಡುವುದಿಲ್ಲವೆಂದು ಚಿಕ್ಕಪ್ಪ ಮೊದಲ ಬಸ್ಸಿಗೆ ಊರಿಗೆ ಹೋಗಿದ್ದ, ಮಧ್ಯಾಹ್ನ ಬರುವವನಿದ್ದ. ಹತ್ತು ಗಂಟೆಗೆ ನರ್ಸು ಬಂದು, ಈಗಲೇ ಕರೆದೊಯ್ಯುತ್ತೇವೆ ಎಂದಳು.

"ತಡಿಯವ್ವ, ಅವರತ್ರ ಒಂದ್ ಮಾತು ಆಡ್ಬುಡ್ತೀನಿ" ಎಂದಳು ಚಿಕ್ಕಮ್ಮ.

ನಾನು ಹನ್ನೊಂದು ಸಲ ಫೋನು ಹಚ್ಚಿದೆ. ಹನ್ನೊಂದು ಸಲವೂ ಸಿಗಲಿಲ್ಲ. ಸ್ಟ್ರೆಚರು ಬಾಗಿಲ ತನಕ ಹೋಯಿತು. ಫೋನಿಗೆಂದು ಚಾಚಿದ ಅವಳ ಕೈ ಚಾಚಿಯೇ ಇತ್ತು.

"ಬುಡು ಮಗ, ಅವಳ ಜೊತೆ ಮಾತಾಡ್ತಾವ್ರೆ" ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಬಾಗಿಲು ಮುಚ್ಚಿತು.

ಮಧ್ಯಾಹ್ನ ಬಂದ ಚಿಕ್ಕಪ್ಪನಿಗೆ ಫೋನು ಸಿಗದ್ದನ್ನು ಹೇಳಿದೆ. ಅವನು ಕೇಳಿದ್ದು ಒಂದೇ ಮಾತು. "ಎಷ್ಟೊತ್ತಿಗೆ?"

"ಹತ್ತಕ್ಕೆ."

"ಕರೆಂಟು ಬಂದಿದ್ದೂ ಹತ್ತಕ್ಕೇ."

ಮೂರು ಗಂಟೆಗೆ ಅವಳು ಕಣ್ಣು ಬಿಡುವ ತನಕ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

ನಮ್ಮ ತಾತ ಊರಿನ ನೀರುಗಂಟಿ, ಕೆರೆಯ ನೀರು ಹಂಚುವವನು. ಕೆರೆ ತಗ್ಗಿದಾಗ ಮೊದಲು ಕುಡಿಯಲು, ಆಮೇಲೆ ಸರದಿಯ ಮೇಲೆ ಗದ್ದೆಗಳಿಗೆ, ಕೊನೆಗೆ ನೀರುಗಂಟಿಯ ಗದ್ದೆಗೆ. ಚಿಕ್ಕಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ ಚಿಕ್ಕಪ್ಪ ಸ್ಕ್ರೂಡ್ರೈವರು ಹಿಡಿದು ಹೊರಟ. ಫೋನು ಎಷ್ಟು ಹೊತ್ತು ತಡೆದು ಮಾಡಬೇಕೆಂದು ತಿರುಗಿಸುವ ಗುಂಡಿ ಪ್ರತಿ ಪೆಟ್ಟಿಗೆಯಲ್ಲೂ ಇತ್ತು. ಒಂದೊಂದನ್ನೂ ಒಂದೊಂದು ಸರದಿಗೆ ಇಟ್ಟ.

"ನಂದ್ಯಾಕಣ್ಣ ಇಪ್ಪತ್ತನೇದು?" ಎಂದು ಪಕ್ಕದ ತೋಟದವನು ತಗಾದೆ ತೆಗೆದ.

"ನಂದು ನಲವತ್ತೆರಡನೇದು ಕಣ್ಲಾ."

"ಸರಿ, ಮೊದಲ್ನೇ ಕಾಲುಗಂಟೆ ಯಾವ ಮೋಟ್ರೂ ಇಲ್ವಲ್ಲ, ಅದ್ಯಾರ್ದು?"

"ಅದು ಕುಡಿಯೋ ನೀರು."

ತಿಂಗಳಾದ ಮೇಲೆ ನಾನು ಅವನ ಜೊತೆ ಆಲೂಗಡ್ಡೆ ಹೊಲದಲ್ಲಿದ್ದೆ. ಪೆಟ್ಟಿಗೆಯ ಕೆಂಪು ದೀಪ ಹತ್ತಿತು, ಕರೆಂಟು ಬಂದಿತ್ತು. ಆಗಲೇ ಫೋನು ಬಡಿದುಕೊಂಡಿತು. ಮೋಟಾರಿನ ಸರದಿ ಇನ್ನೂ ಎಷ್ಟೋ ದೂರವಿತ್ತು. ಅವನ ಫೋನು ಹೊಲಕ್ಕೆಲ್ಲ ಕೇಳುವಂಥದ್ದು, ಅಡಿಗೆಮನೆಯಿಂದ ಚಿಕ್ಕಮ್ಮ.

"ಏನಮ್ಮಿ?"

"ಏನಿಲ್ಲ. ಸಿಕ್ತೀರೇನೋ ಅಂತ ನೋಡ್ದೆ."

ಚಿಕ್ಕಪ್ಪ ಬದುವಿನ ಮೇಲೆ ಕೂತ. ಆಮೇಲೆ ಕೇಳಿದ:

"ಉಂಡ್ಯಾ?"