ಕಾಕಾ ಹೆಲ್ಮೆಟ್ ತೆಗೆದ ದಿನ

ನಮ್ಮ ಕಾಕಾನಷ್ಟು ಅಂಜುಬುರುಕ ಅಕ್ಕಲಕೋಟೆ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ ಎಂದು ನಮ್ಮ ಮನೆತನ ಒಮ್ಮತದಿಂದ ತೀರ್ಮಾನಿಸಿದೆ. ಬೇರೆ ಯಾವ ವಿಷಯದಲ್ಲಿ ನಮ್ಮವರು ಒಮ್ಮತಕ್ಕೆ ಬಂದದ್ದೂ ನನಗೆ ನೆನಪಿಲ್ಲ!

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಕಲ್ಲಿನ ಖಣಿಗಳಲ್ಲಿ ಬಹಳ ವರ್ಷ ದುಡಿದು, ಈಗ ಅಲ್ಲಿನ ಕೂಲಿಗಳಿಗೂ ಸುಪರ್ವೈಜರ್‌ಗಳಿಗೂ ಸುರಕ್ಷತೆಯ ಪಾಠ ಹೇಳುತ್ತಾನೆ. ಎಲ್ಲಿಗೆ ಹೋದರೂ ಮೊದಲು ತಲೆಯೆತ್ತಿ ಮೇಲೆ ನೋಡುವುದು ಅವನ ಚಾಳಿ. ಖಣಿಯಲ್ಲಿ ಸಡಿಲು ಬಂಡೆ ಹುಡುಕುವುದು ಸರಿ. ಬೀಗರ ಮನೆಯಲ್ಲಿ?

ನಮ್ಮಣ್ಣನಿಗೆ ಹೆಣ್ಣು ನೋಡಲು ನಂದೇಶ್ವರಕ್ಕೆ ಹೋಗಿದ್ದೆವು. ಹುಡುಗಿ ಬಂದು ಕೂತಳು. ಕಾಕಾನ ಕಣ್ಣು ಮಾಳಿಗೆಯಿಂದ ಇಳಿಯಲೊಲ್ಲದು! ಹುಡುಗಿಯ ತಂದೆ ಸಂಕೋಚದಿಂದ, "ಹುಡಗಿ ಇಲ್ಲಿ ಕುಂತಾಳ್ರಿ" ಎಂದರು.

"ಕುಂದ್ರಲಿರಿ. ಖರೇ ಅಲ್ಲಿ ಬ್ಯಾಡ. ಆ ತೊಲಿ ಸೀಳ್ಯದ."

ಎಲ್ಲರೂ ಮುಖ ಗಂಟು ಹಾಕಿಕೊಂಡರು. ನಕ್ಕವಳು ಆ ಹುಡುಗಿ ಒಬ್ಬಳೇ. ಈಗ ಅವಳೇ ನಮ್ಮಣ್ಣನ ಹೆಂಡತಿ, ನಮ್ಮ ವೈನಿ.

ಮನೆಯಲ್ಲಿ ಕಾಕಾನ ಹೆಂಡತಿ ಕಾಕು ಶೇಂಗಾ ಚಟ್ನಿಗೆ ಖಾರ ಕುಟ್ಟಲು ಕೂತರೆ ಕಾಕಾ ಧೂಳಿನ ಮಾಸ್ಕ್ ಹಿಡಿದು ನಿಲ್ಲುತ್ತಾನೆ.

"ಇದನ್ನ ಹಾಕ್ಕೊಂಡ್ರ ಉಪ್ಪು ಹೆಂಗ ನೋಡ್ಲಿ?"

"ಉಪ್ಪು ಕಡಿಮಿ ಆದ್ರ ಊಟ ಕೆಡ್ತದ. ಎದಿ ಕೆಟ್ರ?"

ಕಾಕುವಿಗೆ ನಗು, ಸಿಟ್ಟು ಎರಡೂ. ಅವಳನ್ನು ದೂರುವಂತಿಲ್ಲ. ಬಿದ್ದ ಕಲ್ಲಿನ ಸುದ್ದಿ ಊರೆಲ್ಲ ಹರಡುತ್ತದೆ. ಬೀಳದ ಕಲ್ಲಿಗೆ ಸುದ್ದಿ ಎಲ್ಲಿಯದು? ಕಾಕಾನ ಕೆಲಸ ಸರಿಯಾಗಿ ನಡೆದಷ್ಟೂ, ಅವನು ಸುಮ್ಮನೆ ಕಿರಿಕಿರಿ ಮಾಡುತ್ತಾನೆಂದೇ ಜನಕ್ಕೆ ಅನಿಸುತ್ತದೆ.

ಹೋದ ಚಳಿಗಾಲದಲ್ಲಿ ಅವನನ್ನು ನನ್ನ ಮೋಟರ್‌ಸೈಕಲ್ ಮೇಲೆ ವಾಗದರಿಯ ಆಚೆಗಿನ ಒಂದು ಖಣಿಗೆ ಕರೆದೊಯ್ದೆ. ಬೇವಿನ ಮರದಡಿ ಪಾಠ. ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ವಾಕ್ಯದಲ್ಲಿ! "ನೀರ ಹನಿಸ್ಕೋತ ಬಂಡಿಗಲ್ಲ ಕೊರೀರಿ. ಧೂಳ ಎದ್ಯಾಗ ಇಳೀತಂದ್ರ ಯಾವ ಡಾಕ್ಟರೂ ಝಾಡೂ ಹಿಡದು ಗುಡಸಾಂಗಿಲ್ಲ." ಕೂಲಿಗಳು ನಕ್ಕರು. ಹರೆಯದ ಸುಪರ್ವೈಜರ್ ಮಾತ್ರ ಫೋನು ನೋಡುತ್ತಿದ್ದ. ಖಡಿ, ಅಂದರೆ ಜಲ್ಲಿಕಲ್ಲು, ಒಯ್ಯಲು ಬಂದ ಲಾರಿಗಳು ಸಾಲುಗಟ್ಟಿದ್ದವು. ಬಂಡೆಯ ತೂತುಗಳಿಗೆ ಆಗಲೇ ಸಿಡಿಮದ್ದು ತುಂಬಿಯಾಗಿತ್ತು.

ಪಾಠ ಮುಗಿಯುತ್ತಲೇ ಕಾಕಾ ಕೇಳಿದ, "ಕಾವಲಿಗೆ ಮಂದಿ ನಿಂತಾರೇನು?"

"ಮೂರು ಕಡೆ ನಿಂದ್ರಿಸೀನ್ರಿ ಸರ್," ಎಂದ ಸುಪರ್ವೈಜರ್.

"ನಾಲ್ಕನೇ ಕಡೆ?"

"ಅಲ್ಲಿ ಬರೇ ದಿಬ್ಬ ಐತ್ರಿ. ಯಾರೂ ಬರಾಂಗಿಲ್ಲ."

"ಯಾರು ಹೇಳಿದ್ರು? ದಿಬ್ಬ ಹೇಳ್ತೇನು? ನಾ ಬಂದು ಹೇಳೂತನಕ ಮದ್ದು ಹಾರಸೂ ಬಟನ್‌ಗೆ ಕೈ ಹಚ್ಚಬ್ಯಾಡ."

ಹಳದಿ ಹೆಲ್ಮೆಟ್, ಕಿತ್ತಳೆ ಜಾಕೀಟಿನಲ್ಲಿ ಕಾಕಾ ದಿಬ್ಬ ಏರಿದ. ಬೈದುಕೊಳ್ಳುತ್ತ ನಾನೂ ಹಿಂದೆ ಹೋದೆ. ಆಚೆ ನೋಡಿದರೆ ಖಣಿಯ ಅಂಚಿನವರೆಗೂ ಕುರಿಗಳು ಮೇಯುತ್ತಿವೆ! ಕಾಕಾ ಸೀಟಿ ಊದಿ ಕೈ ಬೀಸಿದ. ಆ ಜಾಕೀಟು ಇರುವುದೇ ದೂರದಿಂದ ಕಾಣಲಿ ಎಂದು. ಕುರಿಗಳಿಗೆ ಬಹಳ ಚೆನ್ನಾಗಿ ಕಂಡಿತು. ಬೆದರಿದ ಹಿಂಡು ಸೀದಾ ಖಣಿಯ ಕಡೆಗೇ ಓಡಿತು!

ಆಗ ಕಾಕಾ ನಾನು ಎಂದೂ ಕಾಣದ ಕೆಲಸ ಮಾಡಿದ. ಹೆಲ್ಮೆಟ್ ತೆಗೆದ. ಜಾಕೀಟು ಕಳಚಿ ಪೊದೆಯ ಹಿಂದೆ ಎಸೆದ. ತಲೆಗೆ ಟವೆಲ್ಲು ಸುತ್ತಿ, ಬಗ್ಗಿ, "ಹುರ್ರ್... ಬಾ, ಬಾ..." ಎಂದು ಮೆಲ್ಲಗೆ ಕರೆಯುತ್ತ ಬಳಸಿ ಮುಂದಕ್ಕೆ ಹೋದ. ಹಿಂಡು ನಿಂತಿತು, ಅನುಮಾನಿಸಿತು, ತಿರುಗಿತು. ಹೊಟ್ಟೆ ಹಿಡಿದು ನಗುತ್ತಿದ್ದ ನನಗೆ ಅವನು ಕೈಸನ್ನೆ ಮಾಡಿದ. ಹತ್ತಿರ ಹೋದೆ.

ಜಾಲಿಯ ಗಿಡದ ಕೆಳಗಿನ ತಗ್ಗಿನಲ್ಲಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿದ ಮುದುಕನೊಬ್ಬ ಕಂಬಳಿ ಹೊದ್ದು ಮಲಗಿದ್ದ. ಸೀಟಿಯೂ ಕೇಳಿರಲಿಲ್ಲ, ನಮ್ಮ ಗದ್ದಲವೂ ಕೇಳಿರಲಿಲ್ಲ. ನನ್ನ ನಗು ನಿಂತಿತು.

ಮೈಕು ಬೇಡದ ಗಂಟಲು ಕಾಕಾನದು. ಆದರೂ ಅವನು ಮುದುಕನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಎಳೆಗೂಸನ್ನು ಎಬ್ಬಿಸುವ ಹಾಗೆ ಭುಜ ಮುಟ್ಟಿದ. ಮುದುಕ ಗಾಬರಿಯಿಂದ ಎದ್ದ.

"ಏನಾತೋ ತಮ್ಮಾ?"

ಕಾಕಾ ಅವನ ಕಿವಿಯ ಬಳಿ ಬಾಗಿ ಹೇಳಿದ, "ಏನೂ ಆಗಿಲ್ಲ ಮುತ್ಯಾ. ನಡೀರಿ, ಆ ಕಡೆ ನೆಳ್ಳಿಗೆ ಹೋಗೂಣು."

ಕಾಕಾ ತಾನೇ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ.

ಏದುಸಿರು ಬಿಡುತ್ತ ಸುಪರ್ವೈಜರ್ ದಿಬ್ಬ ಏರಿ ಬಂದ. ಮುದುಕನನ್ನು ನೋಡಿದ, ತಗ್ಗನ್ನು ನೋಡಿದ. ಕೈಯಲ್ಲಿದ್ದ ಫೋನು ಜೇಬಿಗೆ ಇಳಿಸಿದ. ಕಾಕಾ ಬೈಯುತ್ತಾನೆಂದು ಕಾದೆ. ಅವನು ಮುದುಕನ ಒಂದು ರಟ್ಟೆಗೆ ಕೈ ಕೊಟ್ಟ. ಸುಪರ್ವೈಜರ್ ಬಂದು ಇನ್ನೊಂದು ರಟ್ಟೆ ಹಿಡಿದ.

ಕೆಳಗೆ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಅವರಿಬ್ಬರೂ ಮುತ್ಯಾನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಕುರಿಗಳ ಹಿಂದೆ ನಿಧಾನವಾಗಿ ನಡೆದರು.